ತೋಳು ಹೆಣೆದ ವರ್ಣತಂತುಗಳು

ನಮ್ಮ ಪ್ರಯೋಗಾಲಯದಲ್ಲಿ ಕತ್ತರಿ ಕೈಗೆತ್ತಿಕೊಳ್ಳುವ ಮೊದಲು ಫ್ಯಾನು ಆರಿಸಬೇಕಿತ್ತು. ಜೀವಕೋಶದ ಫೋಟೋದಿಂದ ವರ್ಣತಂತುಗಳನ್ನು ಒಂದೊಂದಾಗಿ ಕತ್ತರಿಸಿ, ಉದ್ದ ನೋಡಿ ಜೋಡಿ ಮಾಡಿ, ಬಿಳಿಯ ರಟ್ಟಿಗೆ ಅಂಟಿಸುವುದು ನನ್ನ ಕೆಲಸ. ಆ ಚೂರುಗಳು ಒಂದು ಸೀನಿಗೇ ಹಾರಿಹೋಗುತ್ತಿದ್ದವು. ಬೆವರು ಸುರಿಸಿಕೊಂಡು ಮನೆಗೆ ಹೋದರೆ "ಬೊಂಬೆ ಕತ್ತರಿಸೋಳು ಬಂದ್ಲು" ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ. ಮನುಷ್ಯರ ಒಳಗನ್ನು ಅಷ್ಟು ಹತ್ತಿರದಿಂದ ನೋಡುವ ಭಾಗ್ಯ ಅವರಿಗೆಲ್ಲಿತ್ತು?

ಅಂಬುಜಾಕ್ಷಿ ತನ್ನ ಅತ್ತೆಯ ಜೊತೆ ಪರೀಕ್ಷೆಗೆ ಬಂದಾಗ ಅವಳಿಗೆ ಐದನೇ ತಿಂಗಳು. ಔಷಧ ಕಾರ್ಖಾನೆಯಲ್ಲಿ ಆಂಟಿಬಯಾಟಿಕ್ ಪುಡಿಯನ್ನು ಶೀಷೆಗೆ ತುಂಬುವ ಕೆಲಸ ಅವಳದು. ಕೆಲವು ಔಷಧಗಳು ವರ್ಣತಂತುಗಳನ್ನೇ ಮುರಿಯುತ್ತವೆ ಎಂದು ಯಾರೋ ಅವಳ ತಲೆಗೆ ತುಂಬಿದ್ದರು. ಮಾತೇನೋ ನಿಜವೇ. ಆದರೆ ಯಾವ ಔಷಧ, ಎಷ್ಟು, ಹೇಗೆ ಎಂದು ಹೇಳಿರಲಿಲ್ಲ.

"ಅಕ್ಕಾ, ನನ್ನ ರಕ್ತ ಕೆಟ್ಟಿದೆ ಅಂತ ಬಂದ್ರೆ ಈ ಮಗು ಬೇಡ. ತೆಗೆಸಿಬಿಡ್ತೀನಿ" ಎಂದಳು.

"ಬಿಡ್ತು ಅನ್ನೇ!" ಎಂದು ಅತ್ತೆ ನೀಲಮ್ಮ ಅವಳ ಭುಜ ತಟ್ಟಿದರು. "ಎರಡು ದಿನದಿಂದ ಒಂದು ತುತ್ತು ಇಳಿದಿಲ್ಲ ಇವಳಿಗೆ. ನೀವಾದ್ರೂ ಹೇಳಿ."

ನಾನು ಅವಳ ರಕ್ತ ತೆಗೆದುಕೊಂಡೆ. ರೋಗಿಯ ರಕ್ತವನ್ನು ಶೀಷೆಯೊಳಗೆ ಪೋಷಕ ದ್ರವದಲ್ಲಿ ಬೆಳೆಸುವಾಗ, ಹೋಲಿಸಿ ನೋಡಲು ಆರೋಗ್ಯವಂತರೊಬ್ಬರ ರಕ್ತವನ್ನೂ ಪಕ್ಕದಲ್ಲೇ ಬೆಳೆಸುವುದು ನಮ್ಮ ವಾಡಿಕೆ. ಆ ಸಲ ಸರದಿ ನನ್ನದಿತ್ತು.

ಕೆಲವು ದಿನಗಳ ನಂತರ ನಮ್ಮ ಮುಖ್ಯಸ್ಥರಾದ ಡಾಕ್ಟರ್ ಧರಣೇಂದ್ರಯ್ಯನವರು ಅಂಬುಜಾಕ್ಷಿಯ ರಕ್ತ ಹಚ್ಚಿದ ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಲೊಚಗುಟ್ಟಿದರು. "ಮುರಿದು ಹೋಗಿವೆ ಕಣಮ್ಮ. ಆ ಪುಡಿ ಕೆಲಸ ಮಾಡಿಬಿಟ್ಟಿದೆ. ನಾಳೆ ಅವರನ್ನ ಕರೆಸು."

ಫ್ಯಾನು ಆರಿಸಿ ಕತ್ತರಿ ಹಿಡಿದು ಕೂತೆ. ಎಷ್ಟು ಹೆಣಗಿದರೂ ಚೂರುಗಳು ಜೋಡಿಯಾಗಲೊಲ್ಲವು. ಮುರಿದ ಎರಡು ತಂತುಗಳು ಒಂದಕ್ಕೊಂದು ಅಂಟಿಕೊಂಡು, ಗಾಳಿಪಟದ ಕಡ್ಡಿಗಳ ಹಾಗೆ ನಾಲ್ಕು ತೋಳು ಚಾಚಿದ್ದವು. ಅರೆ, ಇದನ್ನು ನೋಡಿದ್ದೇನಲ್ಲ! ಹಿಂದಿನ ತಿಂಗಳು ಡಾಕ್ಟರು ಶೀಷೆಯಲ್ಲಿ ಬೆಳೆಸಿದ ರಕ್ತದ ಮೇಲೆ ಬೇರೊಂದು ಆಂಟಿಬಯಾಟಿಕ್ಕಿನ ಪ್ರಯೋಗ ಮಾಡಿದ್ದರು. ಕ್ಯಾನ್ಸರಿಗೆ ಕೊಡುವ ನೇರಳೆ ಬಣ್ಣದ ಔಷಧ. ಅದು ವರ್ಣತಂತುವಿನೊಳಗಿನ ಎರಡು ಎಳೆಗಳನ್ನು ಸೇರಿಸಿ ಹೊಲಿಗೆ ಹಾಕಿಬಿಡುತ್ತದೆ. ಕೋಶ ಎರಡಾಗಲು ಹೊರಟಾಗ ಎಳೆ ಬಿಚ್ಚಿಕೊಳ್ಳದೆ ಮುರಿಯುತ್ತದೆ, ಮುರಿದದ್ದು ಸಿಕ್ಕಿದ್ದಕ್ಕೆ ಅಂಟಿಕೊಳ್ಳುತ್ತದೆ. ಆಗಲೂ ಇದೇ ನಾಲ್ಕು ತೋಳು ಕಂಡಿದ್ದೆ. ಅಂಬುಜಾಕ್ಷಿ ತುಂಬುತ್ತಿದ್ದ ಪುಡಿ ಆ ಜಾತಿಯದೇ ಅಲ್ಲ.

ಎದ್ದು ನನ್ನ ರಕ್ತದ ಗಾಜಿನ ಪಟ್ಟಿಯನ್ನು ತೆಗೆದೆ. ಗಟ್ಟಿಮುಟ್ಟಾಗಿರುವವಳದನ್ನು ನೋಡುವುದೇನು ಎಂದು ಅದನ್ನು ಯಾರೂ ಮುಟ್ಟಿರಲಿಲ್ಲ. ಕಣ್ಣಿಟ್ಟೆ. ನಾಲ್ಕು ತೋಳು! ಎದೆ ಧಸಕ್ಕೆಂದಿತು. ಸುಳ್ಳೇಕೆ ಹೇಳಲಿ, ಮರುಕ್ಷಣವೇ ಕುಣಿಯುವಷ್ಟು ಖುಷಿಯೂ ಆಯಿತು.

"ಸರ್, ಇದು ಯಾರ ರಕ್ತ ಹೇಳಿ ನೋಡೋಣ" ಎಂದು ಡಾಕ್ಟರನ್ನು ಕರೆದೆ.

ಅವರು ಬಗ್ಗಿ ನೋಡಿದರು. "ಆ ಹುಡುಗೀದೇ. ಇನ್ಯಾರದು?"

"ನಂದು ಸರ್."

"ನಿನಗೇನಮ್ಮ ಆಗಿದೆ?"

"ನನಗೇನೂ ಆಗಿಲ್ಲ, ಗುಂಡುಕಲ್ಲಿನ ಹಂಗಿದೀನಿ. ಹೋದ ತಿಂಗಳು ನೇರಳೆ ಔಷಧಿ ಹಾಕಿದ್ರಲ್ಲ, ಆ ಶೀಷೆಗಳೆಲ್ಲಿ?"

ಡಾಕ್ಟರ ಮುಖ ಸಪ್ಪಗಾಯಿತು. ಶೀಷೆ ತೊಳೆಯುವುದನ್ನು ಅವರು ಇನ್ನೊಬ್ಬರ ಕೈಗೆ ಬಿಡುತ್ತಿರಲಿಲ್ಲ, ತಮ್ಮಷ್ಟು ಚೊಕ್ಕಟ ಯಾರೂ ಇಲ್ಲವೆಂದು ಅವರ ನಂಬಿಕೆ. "ನಾನೇ ತೊಳೆದು ಈ ರಕ್ತ ಬೆಳೆಸೋಕೆ ಕೊಟ್ಟೆ" ಎಂದರು. ತೊಳೆದರೂ ಉಳಿಯುವ ಔಷಧದ ಆ ಒಂದಿಷ್ಟೇ ಸಾಕಾಗಿತ್ತು.

ಮರುದಿನ ಬಂದ ಅಂಬುಜಾಕ್ಷಿಯ ಮುಂದೆ ಅವರೇ ನಿಂತು, "ತಪ್ಪು ನಂದಮ್ಮ. ನಿಮ್ಮ ರಕ್ತ ಕೆಡಿಸಿದ್ದು ನಮ್ಮ ಶೀಷೆ. ಇನ್ನೊಂದು ಸಲ ಕೊಡಿ" ಎಂದರು. ಹೊಸ ಶೀಷೆಗಳನ್ನು ತರಿಸಿ ಇಬ್ಬರ ರಕ್ತವನ್ನೂ ಮತ್ತೆ ಬೆಳೆಸಿದೆವು. ಈ ಸಲ ನಾನು ಕತ್ತರಿಸಿದ್ದೆಲ್ಲ ತಾನಾಗಿ ಜೋಡಿಯಾಯಿತು. ಕಣ್ಣು ತುಂಬಿ ಬಂತು, ಅಂಟಿನ ಮೇಲೆ ಬೀಳದಂತೆ ಒರೆಸಿಕೊಂಡೆ.

ಫಲಿತಾಂಶ ಕೇಳಿ ನೀಲಮ್ಮ ಕೈ ಮುಗಿದರು. ಸೊಸೆ ಮಾತ್ರ ಕದಲಲಿಲ್ಲ.

"ಹಂಗಾದ್ರೆ ಮಗು ಚೆನ್ನಾಗಿರತ್ತೆ ಅಂತ ಬರ್ಕೊಡಿ ಸಾರ್."

"ಅದನ್ನ ಯಾವ ಡಾಕ್ಟ್ರೂ ಬರ್ಕೊಡೋಕಾಗಲ್ಲ ತಾಯಿ. ನಿಮ್ಮ ರಕ್ತದಲ್ಲಿ ಮುರಿದದ್ದು ಕಾಣಲಿಲ್ಲ. ಅಷ್ಟು ಹೇಳಬಲ್ಲೆ."

ಅವಳ ಮನಸ್ಸು ಇನ್ನೂ ಎತ್ತಲೂ ವಾಲಿರಲಿಲ್ಲ.

"ಅಕ್ಕಾ, ನಾನೇ ಒಂದ್ಸಲ ನೋಡ್ಲಾ?"

ಸ್ಟೂಲು ಎಳೆದುಕೊಟ್ಟೆ. ಮೇಜಿಗೆ ಹೊಟ್ಟೆ ಆನಿಸಿ, ಒಂದು ಕಣ್ಣು ಮುಚ್ಚಿ ಬಗ್ಗಿದಳು. ಬಹಳ ಹೊತ್ತು ನೋಡಿದಳು. ಇದ್ದಕ್ಕಿದ್ದಂತೆ ಮೈ ಜುಮ್ಮೆಂದವಳಂತೆ ಬೆಚ್ಚಿದಳು.

"ಎಲ್ಲಾ ಅಲ್ಲಾಡಿಬಿಡ್ತು! ನಾನು ಏನೂ ಮುಟ್ಟಿಲ್ಲ ಅಕ್ಕಾ."

ಆಮೇಲೆ ಅವಳ ಕೈ ಮೆಲ್ಲಗೆ ಹೊಟ್ಟೆಯ ಮೇಲೆ ಹೋಯಿತು.

"ಅತ್ತೇ," ಎಂದಳು, "ಒದೀತು. ಮನೆಗೆ ಹೋಗೋಣ, ಹಸಿವಾಗ್ತಿದೆ."