ಬ್ಯಾಕ್ಟೀರಿಯಾಗೆ ಒಂದು ಬಕೆಟ್ ಊಟ

ಗ್ಯಾರೇಜಿನ ಹಿತ್ತಲಲ್ಲಿ ಹುಲ್ಲುಕಡ್ಡಿಯೂ ಹುಟ್ಟುತ್ತಿರಲಿಲ್ಲ. ಹುಟ್ಟುವುದಾದರೂ ಹೇಗೆ? ಮೆಕ್ಯಾನಿಕ್ ಹನ್ನೆರಡು ವರ್ಷಗಳಿಂದ ಗಾಡಿಗಳ ಹಳೇ ಎಂಜಿನ್ ಆಯಿಲನ್ನೆಲ್ಲ ಅಲ್ಲೇ ಸುರಿಯುತ್ತಿದ್ದ. ಹೆಂಡತಿ ಬೈದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಆ ಕಪ್ಪು ಮಣ್ಣು ಬಾವಿಯ ಕಡೆಗೆ ಹರಡುತ್ತಿರುವುದನ್ನು ಕಂಡ ದಿನ ಅವನೂ ಹೆದರಿದ. ಬಾವಿ ಇನ್ನು ಹತ್ತೇ ಹೆಜ್ಜೆ ದೂರ, ಮನೆಮಂದಿಯೆಲ್ಲ ಕುಡಿಯುವುದು ಅದೇ ನೀರು.

ಹೆಂಡತಿಯ ತಂಗಿ ಮಣ್ಣು ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದಳು, ಅವಳನ್ನು ಕರೆಸಿದ. ಬಂದವಳೇ ಮೊದಲು ಬಾವಿಯ ನೀರು ಪರೀಕ್ಷಿಸಿ, ಸದ್ಯಕ್ಕೆ ಚೆನ್ನಾಗಿದೆ ಎಂದಳು. ಆಮೇಲೆ ಹಿತ್ತಲ ಮಣ್ಣನ್ನು ಪುಟ್ಟ ಡಬ್ಬಿಗಳಿಗೆ ತುಂಬಿಕೊಂಡಳು. ಮಣ್ಣಲ್ಲೇ ಎಣ್ಣೆ ತಿಂದು ಬದುಕುವ ಬ್ಯಾಕ್ಟೀರಿಯಾಗಳಿವೆ, ಮಣ್ಣನ್ನು ಆಗಾಗ ತಿರುವಿ, ಗೊಬ್ಬರ ಬೆರೆಸಿ, ಹದವಾಗಿ ನೀರು ಚಿಮುಕಿಸಿದರೆ ಅವು ಹೆಚ್ಚುತ್ತವೆ, ತಿಂಗಳಿಗೊಮ್ಮೆ ಎಣಿಸಿ ನೋಡೋಣ ಎಂದು ಹೇಳಿದಳು.

“ಕಣ್ಣಿಗೇ ಕಾಣದ್ದನ್ನ ಹೇಗಮ್ಮ ಎಣಿಸ್ತೀಯ?” ಎಂದು ಮೆಕ್ಯಾನಿಕ್ ನಕ್ಕ.

“ಎಣ್ಣೆ ತಿನ್ನೋ ಗುಣ ಅವುಗಳ ಡಿಎನ್‌ಎಯಲ್ಲೇ ಇರುತ್ತೆ ಭಾವ. ಮಣ್ಣಿಂದ ಡಿಎನ್‌ಎ ತೆಗೆದು ಮಷೀನಲ್ಲಿ ಇಟ್ರೆ, ಅದು ಆ ಗುಣದ ತುಣುಕನ್ನೇ ಹುಡುಕಿ ನಕಲು ಮಾಡ್ತಾ ಹೋಗುತ್ತೆ. ನಕಲು ಬೇಗ ತುಂಬ್ತು ಅಂದ್ರೆ ತಿನ್ನೋರು ಜಾಸ್ತಿ ಇದ್ದಾರೆ ಅಂತ ಅರ್ಥ.”

ಮೆಕ್ಯಾನಿಕ್‌ಗೆ ನಂಬಿಕೆ ಬರಲಿಲ್ಲ. ಆದರೂ ಬಾವಿ ಕೆಟ್ಟೀತೆಂಬ ಭಯಕ್ಕೆ ಹೇಳಿದ್ದನ್ನೆಲ್ಲ ಮಾಡಿದ. ತಿಂಗಳು ಕಳೆದು ನೋಡಿದರೆ ಬ್ಯಾಕ್ಟೀರಿಯಾ ಹತ್ತು ಪಟ್ಟಾಗಿದ್ದವು. ಅವನು ಹಿಗ್ಗಿ ಹೀರೇಕಾಯಿಯಾದ.

ಮುಂದಿನ ತಿಂಗಳ ಪರೀಕ್ಷೆಯಲ್ಲಿ ಲೆಕ್ಕ ಪಾತಾಳಕ್ಕಿಳಿದಿತ್ತು. ಏನು ಮಾಡಿದಿರಿ ಎಂದು ನಾದಿನಿ ಕೇಳಿದಾಗ ಮೆಕ್ಯಾನಿಕ್ ತಲೆ ಕೆರೆದುಕೊಂಡ.

“ಪಾಪ, ಅಷ್ಟು ದುಡೀತಾವಲ್ಲ, ಹಸಿವಾಗಿರುತ್ತೆ ಅಂತ ಒಂದು ಬಕೆಟ್ ಆಯಿಲ್ ಬಡಿಸ್ದೆ.”

ಅಕ್ಕತಂಗಿಯರು ಬಿದ್ದು ಬಿದ್ದು ನಕ್ಕರು. ಹೊಸದಾಗಿ ಸುರಿದ ಎಣ್ಣೆ ಮಣ್ಣಿನ ಸಂದುಗಳನ್ನೆಲ್ಲ ಮುಚ್ಚಿ, ಅವಕ್ಕೆ ಗಾಳಿಯೇ ಸಿಗದಂತೆ ಮಾಡಿತ್ತು. ಪರೀಕ್ಷೆ ಮಾಡಿಸದಿದ್ದರೆ ಅದು ಯಾರಿಗೂ ತಿಳಿಯುತ್ತಿರಲಿಲ್ಲ. ಮೆಕ್ಯಾನಿಕ್ ನಾಚಿಕೊಂಡ. ಅವತ್ತೇ ಗ್ಯಾರೇಜಿನ ಬಾಗಿಲ ಬಳಿ ಹಳೇ ಆಯಿಲಿಗೆಂದು ಮುಚ್ಚಳವಿರುವ ಡ್ರಮ್ ತಂದಿಟ್ಟು, ಸಲಿಕೆ ಹಿಡಿದು ಮತ್ತೆ ಮಣ್ಣು ತಿರುವತೊಡಗಿದ.

ಎಂಟು ತಿಂಗಳಾದ ಮೇಲೆ ಬ್ಯಾಕ್ಟೀರಿಯಾ ಮತ್ತೆ ತುಂಬಿಕೊಂಡಿದ್ದವು, ಮಣ್ಣಿನಲ್ಲಿದ್ದ ಎಣ್ಣೆ ಕಾಲುಭಾಗಕ್ಕೆ ಇಳಿದಿತ್ತು. ಬಾವಿಯ ಪಕ್ಕದಲ್ಲಿ ಹುಲ್ಲು ಚಿಗುರಿತ್ತು, ನೀರೂ ಪರೀಕ್ಷೆಯಲ್ಲಿ ಚೆನ್ನಾಗಿಯೇ ಇತ್ತು. ಗಾಡಿ ರಿಪೇರಿಗೆ ಬಂದವರನ್ನೆಲ್ಲ ಮೆಕ್ಯಾನಿಕ್ ಮೊದಲು ಹಿತ್ತಲಿಗೆ ಕರೆದೊಯ್ದು ಆ ಹುಲ್ಲು ತೋರಿಸಿ, ಬಾವಿಯ ನೀರು ಕುಡಿಸಿಯೇ ಕಳಿಸುತ್ತಿದ್ದ.

ನೀವೂ ಹಳೇ ಆಯಿಲನ್ನು ನೆಲಕ್ಕೆ ಚೆಲ್ಲಬೇಡಿ, ಡ್ರಮ್ಮಿನಲ್ಲಿಟ್ಟು ಅದನ್ನು ಸಂಗ್ರಹಿಸುವವರಿಗೆ ಕೊಡಿ. ಮಣ್ಣು ಈಗಾಗಲೇ ಕೆಟ್ಟಿದ್ದರೆ ಕಣ್ಣಂದಾಜು ನಂಬದೆ ಪರೀಕ್ಷೆ ಮಾಡಿಸಿ, ಸರಿಹೋಗುವವರೆಗೂ ಮಾಡಿಸುತ್ತಿರಿ. ಎಣ್ಣೆ ತಿನ್ನುವ ಆ ಕಾಣದ ಕೆಲಸಗಾರರಿಗೆ ನೀವು ಹೊಸದಾಗಿ ಬಡಿಸಬೇಕಾಗಿಲ್ಲ, ಹಿಂದೆ ಸುರಿದದ್ದೇ ಅವಕ್ಕೆ ಬೇಕಾದಷ್ಟಿದೆ.