ನಾಲ್ಕು ಮೊಳದ ಪಾಠ

ದೋಸೆಗೆಂದು ಮನೋರಮಾ ಕಾಯಿ ತುರಿಯುತ್ತಿದ್ದಾಗಲೇ ಫೋನು ಹೊಡೆದುಕೊಂಡಿತು. ಕೈಯನ್ನು ಸೆರಗಿಗೆ ಒರೆಸಿಕೊಂಡು ಎತ್ತಿದಳು. ಸಿದ್ಧಕಟ್ಟೆಯ ಪರಮೇಶ್ವರ. ಕೊರೋನಾದಿಂದ ಶಾಲೆ ಮುಚ್ಚಿದ ಮೇಲೆ, ಅವಳ ನಾಲ್ಕನೇ ತರಗತಿಯ ಮಕ್ಕಳು ಕೂತು ಕಲಿಯಲು ತನ್ನ ಮನೆಯ ಚಾವಡಿ ಬಿಟ್ಟುಕೊಟ್ಟವನು.

"ಟೀಚರೇ, ಚಾವಡಿ ನಿಮಗೆ ಯಾವಾಗಲೂ ಉಂಟು. ಆದ್ರೆ ಆ ನಾಸಿರ್‌ನ ಮಗಳನ್ನು ಒಳಗೆ ಕೂರಿಸುವುದು ಬೇಡ. ಅವ ಗಲ್ಫಿನಿಂದ ಬಂದವ. ನಮ್ಮಲ್ಲಿ ವಯಸ್ಸಾದ ಅಮ್ಮ ಇದ್ದಾರೆ."

"ಅವರ ಕ್ವಾರಂಟೈನ್ ಮುಗಿದು ಎಷ್ಟು ಸಮಯ ಆಯ್ತು! ಶಿಶಿರನ ಅಪ್ಪ ಮುಂಬೈಯಿಂದ ಮೊನ್ನೆ ಮೊನ್ನೆ ಬಂದದ್ದು. ಶಿಶಿರ ಮುಂದೆಯೇ ಕೂರ್ತಾನಲ್ಲ?"

"ಅದು ಬೇರೆ ಟೀಚರೇ. ಅವರು ನಮ್ಮವರು. ಹುಡುಗಿ ಬರುವುದೇ ಬೇಡ ಅಂತ ನಾನು ಹೇಳ್ಲಿಲ್ಲ. ಅಂಗಳದಾಚೆ ಸ್ಕೂಟರ್ ಇಡುವ ತಗಡಿನ ಮಾಡಿನ ಕೆಳಗೆ ಕೂರಿಸುವ. ಅಲ್ಲಿಗೂ ಕೇಳಿಸ್ತದೆ" ಎಂದ.

ಹೊರಗೆ ಆಗಸ್ಟಿನ ಮಳೆ. ಈ ಚಾವಡಿ ಕೈತಪ್ಪಿದರೆ ಉಳಿದ ಮಕ್ಕಳೂ ಮನೆಯಲ್ಲೇ. ಮನೋರಮಾ "ಆಯ್ತು" ಎಂದಳು. ಫೋನಿಟ್ಟು ಮತ್ತೆ ಕಾಯಿ ತುರಿಯಲು ಕೂತಳು.

ಮೊದಮೊದಲು ಅವಳು ಫೋನಿನಲ್ಲೇ ಪಾಠ ಕಳಿಸಿ ನೋಡಿದ್ದಳು. ಫೋನು ಅಪ್ಪಂದಿರ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ಮಕ್ಕಳ ಕೈಗೆ ಸಿಕ್ಕಿದಾಗ ನೆಟ್‌ವರ್ಕ್ ಇರುತ್ತಿರಲಿಲ್ಲ. ಹಾಗಾಗಿ ಪಾಠಯೋಜನೆಯನ್ನೆಲ್ಲ ಹೊಸದಾಗಿ ಕಟ್ಟಿದಳು. ಗುಂಪಿನ ಆಟಗಳನ್ನು ಕೂತಲ್ಲಿಂದಲೇ ಕೂಗಿ ಆಡುವ ಆಟಗಳಾಗಿ ಮಾಡಿದಳು. ಮಕ್ಕಳು ಕೂರಲು ಸೀಮೆಸುಣ್ಣದಲ್ಲಿ ದೂರ ದೂರ ವೃತ್ತ ಬರೆದಳು. ಈಗ ನಾಸಿರ್‌ನ ಮಗಳು ಆಫ್ರಾಳ ವೃತ್ತವನ್ನೂ ತಗಡಿನ ಕೆಳಗೆ ಹೊಂದಿಸಿಕೊಂಡಳು. ಅವಳಿಗೆ ಕೇಳಿಸಲೆಂದು ಪ್ರತಿ ವಾಕ್ಯವನ್ನೂ ಎರಡು ಸಲ ಹೇಳುವುದೆಂದು ನಿಶ್ಚಯಿಸಿದಳು. ಇದಕ್ಕೂ ಒಂದು ಉಪಾಯ ಸಿಕ್ಕಿತೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ತಗಡಿನ ಮೇಲೆ ಮಳೆ ಬಿದ್ದರೆ ಎರಡು ಸಲ ಹೇಳಿದ್ದೂ ಕೇಳಿಸುತ್ತಿರಲಿಲ್ಲ. ಆಫ್ರಾ ದಿನವೂ ಕೈ ಎತ್ತುತ್ತಿದ್ದಳು.

"ಪಾಠದ್ದಾ?"

"ಅಲ್ಲ ಟೀಚರ್."

"ಹಾಗಾದ್ರೆ ಆಮೇಲೆ."

ಪಾಠ ಮುಗಿದದ್ದೇ ಮನೋರಮಾ ಕೊಡೆ ಬಿಚ್ಚಿ ಬಿರಬಿರನೆ ನಡೆದುಬಿಡುತ್ತಿದ್ದಳು. ಆ ಕೈ ಏನು ಕೇಳಲಿದೆ ಎಂದು ಅವಳಿಗೆ ಗೊತ್ತಿತ್ತು.

ಮಳೆ ಬಿಟ್ಟಿದ್ದ ಒಂದು ದಿನ ಅಳತೆಯ ಪಾಠ ಬಂತು. ಮೀಟರ್ ಕೋಲು ಬೀಗ ಹಾಕಿದ ಶಾಲೆಯೊಳಗಿತ್ತು. "ಕೋಲು ಬೇಡ, ನಮ್ಮ ಕೈ ಉಂಟಲ್ಲ" ಎಂದು ಮನೋರಮಾ ಮೊಣಕೈಯಿಂದ ಬೆರಳ ತುದಿಯವರೆಗೆ ತೋರಿಸಿದಳು. "ಇದು ಒಂದು ಮೊಳ. ನಿಮ್ಮ ವೃತ್ತದಿಂದ ಪಕ್ಕದವರ ವೃತ್ತಕ್ಕೆ ಎಷ್ಟು, ಅಳೆಯಿರಿ ನೋಡುವ."

"ನಾಲ್ಕು ಟೀಚರ್!" "ನಂದೂ ನಾಲ್ಕು!" ಚಾವಡಿ ಗಲಗಲ ಎಂದಿತು.

ಆಫ್ರಾ ಸುಮ್ಮನೆ ಕೂರಲಿಲ್ಲ. ತಗಡಿನ ಕೆಳಗಿಂದ ಹೊರಟು, ಒದ್ದೆ ಅಂಗಳದಲ್ಲಿ ಮೊಣಕಾಲೂರಿ, ಮೊಳದ ಮುಂದೆ ಮೊಳ ಇಡುತ್ತಾ ಬಂದಳು.

"ಏ ಆಫ್ರಾ, ಬಂಟ್ವಾಳದವರೆಗೆ ಅಳೀತೀಯಾ?" ಶಿಶಿರ ಕೂಗಿದ. ಎಲ್ಲರೂ ನಕ್ಕರು.

ಅವಳು ಲೆಕ್ಕ ತಪ್ಪದಂತೆ ತುಟಿ ಅಲ್ಲಾಡಿಸುತ್ತಲೇ ಇದ್ದಳು. ಚಾವಡಿಯ ಮೆಟ್ಟಿಲಿಗೆ ಬಂದು ನಿಂತು ಕೈ ಎತ್ತಿದಳು. ತೋಳು ಮೊಣಕೈವರೆಗೆ ಕೆಸರು.

ಬಾಗಿಲಲ್ಲಿದ್ದ ಪರಮೇಶ್ವರ, "ಅಲ್ಲೇ, ಅಲ್ಲೇ ನಿಲ್ಲು" ಎಂದ.

'ಆಮೇಲೆ' ಎಂಬ ಮಾತು ಮನೋರಮಾಳ ನಾಲಿಗೆ ತುದಿಗೆ ಬಂದಿತ್ತು. ಅವಳು ಆ ಕೆಸರಿನ ಕೈಯನ್ನೇ ನೋಡಿದಳು. ಕೊಟ್ಟ ಪಾಠವನ್ನು ಸರಿಯಾಗಿ ಮಾಡಿದ ಕೈ. ಸೀಮೆಸುಣ್ಣ ಕೆಳಗಿಟ್ಟಳು.

"ಕೇಳು ಮಗಾ."

ಆಫ್ರಾ ಪರಮೇಶ್ವರನತ್ತ ನೋಡಿ ತಲೆ ತಗ್ಗಿಸಿದಳು.

"ಅವರಿಗೂ ಕೇಳುವ ಹಾಗೆ ಗಟ್ಟಿಯಾಗಿ ಕೇಳು."

ಹುಡುಗಿ ಮಾಸ್ಕನ್ನು ಗಲ್ಲಕ್ಕೆ ಇಳಿಸಿದಳು.

"ಇವರಿಗೆಲ್ಲ ನಾಲ್ಕು ಮೊಳ. ನನಗೆ ಮೂವತ್ತೊಂದು. ಕೊರೋನಾ ಹೋದ ಮೇಲೆ ನನಗೂ ನಾಲ್ಕೇ ಮೊಳವಾ ಟೀಚರ್?"