ಆಗಲಿ ಸಾಹೇಬರ ರಸ್ತೆ

ಆ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಅಂಗಳಕ್ಕೆ ಬೆಂಚು ಹೊತ್ತು ತರುತ್ತಿದ್ದವರು ಒಬ್ಬರ ಬೆನ್ನಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು. ತಂಗಿ ಬಾಗಿಲಲ್ಲಿ ನಿಂತು, "ಎಡಕ್ಕೆ ಹಿಡೀರಿ, ಮೆಟ್ಟಿಲಿದೆ" ಎಂದು ದಾರಿ ಹೇಳುತ್ತಿದ್ದಳು. ಒಳಗೆ ಅಕ್ಕನನ್ನು ಮಲಗಿಸಿದ್ದರು. ಆಯುಷ್ಯವಿಡೀ ಕಂಡವರ ಬಟ್ಟೆಯ ಸುಕ್ಕು ಬಿಡಿಸಿದ ಕೈಗಳು ಎದೆಯ ಮೇಲೆ ಸುಮ್ಮನೆ ಕೂತಿದ್ದವು. ಎಲ್ಲರ ಬಾಯಲ್ಲೂ ಅವಳು ಇಸ್ತ್ರಿ ಅಕ್ಕ. ದೇವರು ನಿನ್ನೆ ಯಾವ ಹೆಸರಿನಿಂದ ಕರೆದನೋ, ಆತನೇ ಬಲ್ಲ.

"ವ್ಯಾನ್ ಹೇಳಿದ್ದೀನಿ," ಎಂದ ಭಾವ. ಹೆಂಡತಿ ಸತ್ತ ಮನೆಯಲ್ಲೂ ಅವನದು ಯಾರಿಗೂ ನೋಯಿಸದ ದನಿ. "ಸೇತುವೆ ಹತ್ರ ತಿರುಗಿಸಿಕೊಂಡು ಸ್ಮಶಾನಕ್ಕೆ ಹೋಗೋದು."

"ಹೆದ್ದಾರಿ ಆಚೆ ಎದುರಿಗೇ ಕಾಣೋ ಸ್ಮಶಾನಕ್ಕೆ ಊರೆಲ್ಲ ಸುತ್ತಬೇಕಾ ಭಾವ?"

"ಇವತ್ತು ರಸ್ತೆಗೆ ಹೆಸರಿಡ್ತಾರಲ್ಲಮ್ಮ. ಹೆದ್ದಾರಿ ತುಂಬ ಪೊಲೀಸರು. ಯಾಕೆ ಬೇಕು ಗಲಾಟೆ?"

"ಹೊಸದಾಗಿ ಏನಿಡ್ತಾರಂತೆ?" ಗೋಡೆಗೊರಗಿ ಕೂತಿದ್ದ ಎದುರುಮನೆ ಅಜ್ಜಿ ತಲೆ ಎತ್ತಿದಳು. "ನಾವು ಆಗಲೇ ಇಟ್ಟಾಯ್ತಲ್ಲ. ಆಗಲಿ ಸಾಹೇಬರ ರಸ್ತೆ! ಅಗಲ ಮಾಡ್ತೀವಿ ಅಂತ ಬಂದು ಅಕ್ಕಪಕ್ಕದವರನ್ನೇ ಅಗಲಿಸಿದ ರಸ್ತೆ."

ಯಾರೋ ಕಿಸಕ್ಕನೆ ನಕ್ಕರು. ಒಳಗಿನ ಮಂಚ ಕಣ್ಣಿಗೆ ಬಿದ್ದು ನಗು ನುಂಗಿದರು.

*

ರಸ್ತೆ ಅಗಲವಾದ ವರ್ಷ ಅಕ್ಕನ ಮನೆ ಈಚೆಗೂ ಇಸ್ತ್ರಿ ಗಾಡಿ ಆಚೆಗೂ ಉಳಿದವು. ನಡುವೆ ಸೊಂಟದೆತ್ತರ ಕಾಂಕ್ರೀಟ್ ಗೋಡೆ ಎದ್ದಿತು. ಶಾಸಕರ ಮನೆಗೆ ಇಸ್ತ್ರಿ ಬಟ್ಟೆ ಕೊಡಲು ಹೋದ ಅಕ್ಕ, ಸೆರಗಲ್ಲಿ ಕೈ ಒರೆಸಿಕೊಂಡು ಕೇಳಿದ್ದಳು:

"ಸಾಹೇಬ್ರೇ, ಆ ಗೋಡೇಲಿ ಒಂದಾಳು ತೂರೋವಷ್ಟು ಬಾಯಿ ಬಿಡಿಸಿಕೊಡಿ. ಹೆಂಗಸರು ಮಕ್ಕಳು ಹತ್ತಿ ಇಳಿಯೋದು ಕಷ್ಟ."

ಸಾಹೇಬರು ಅಂಗಿಯ ಕಾಲರು ತಿರುವಿ ನೋಡುತ್ತ, "ಆಗಲಿ" ಎಂದರು. ಆ ಮಾತು ಆಡುವಾಗ ಅವರ ಮುಖದಲ್ಲಿ ಎಂಥ ಕರುಣೆ ಇತ್ತೆಂದರೆ, ಅಕ್ಕ ದಾರಿಯುದ್ದಕ್ಕೂ ಕಂಡವರಿಗೆಲ್ಲ ಹೇಳಿಕೊಂಡು ಬಂದಳು. "ಆಗಲಿ ಅಂದ್ರು ಕಣ್ರೇ!"

ಮರುವರ್ಷವೂ ಆಗಲಿ ಅಂದರು. ಅದರ ಮರುವರ್ಷವೂ. ಕೊನೆಕೊನೆಗೆ ಅಕ್ಕ ಗಲ್ಲ ಎತ್ತಿ, ಕಣ್ಣು ಅರೆಮುಚ್ಚಿ, "ಆ...ಗಲಿ" ಎಂದು ಅಣಕಿಸಿದರೆ ಇಡೀ ಬೀದಿಯೇ ಬಿದ್ದು ಬಿದ್ದು ನಗುತ್ತಿತ್ತು. ತಂಗಿಗೆ ಮಾತ್ರ ನಗು ಬರುತ್ತಿರಲಿಲ್ಲ.

"ಇನ್ಮೇಲೆ ಅವನ ಬಟ್ಟೆ ಮುಟ್ಟಲ್ಲ ಅನ್ನು."

"ಅಂಗಿ ಏನು ಮಾಡ್ತು ಪಾಪ? ಸುಕ್ಕು ಕಂಡ್ರೆ ನನ್ನ ಕೈ ಸುಮ್ನಿರಲ್ಲ. ನೀನು ಮಾಡಿಕೊಡ್ತೀಯಾ? ನೀನು ಇಸ್ತ್ರಿ ಮಾಡಿದ ಬಟ್ಟೆ ಎಮ್ಮೆ ಮಲಗಿ ಎದ್ದ ಹಾಗಿರುತ್ತೆ."

ನಿನ್ನೆ ಸಂಜೆ ಅದೇ ಸಾಹೇಬರ ಬಟ್ಟೆಯ ಗಂಟನ್ನು ಕಂಕುಳಲ್ಲಿ ಅವುಚಿಕೊಂಡು ಅಕ್ಕ ಗೋಡೆ ಇಳಿದಳು. ಲಾರಿಯವನು ನೋಡಲಿಲ್ಲ.

*

ಮಂಜು ಸ್ವಲ್ಪ ಹರಿಯುವಷ್ಟರಲ್ಲಿ ಅಂಗಳಕ್ಕೆ ಸಾಹೇಬರ ಡ್ರೈವರ್ ಬಂದ. ಜನ ಕಂಡು ಚಪ್ಪಲಿ ಬಿಟ್ಟ. ಒಳಗೆ ಇಣುಕಿ ನೋಡಿ ಮತ್ತೆ ಮೆಟ್ಟಿಕೊಂಡ. ಮೂಲೆಗೆ ಹೋಗಿ ಫೋನಿನಲ್ಲಿ ಪಿಸುಗುಟ್ಟಿದರೂ ಸಾವಿನ ಮನೆಯಲ್ಲಿ ಪಿಸುಮಾತೇ ಜೋರಾಗಿ ಕೇಳುವುದು.

"ಸಾರ್, ಅವರು ಹೋಗಿಬಿಟ್ಟಿದ್ದಾರಂತೆ... ಇಲ್ಲ ಸಾರ್, ಹೊರಗಲ್ಲ, ಸತ್ತೋಗಿದ್ದಾರೆ... ಹ್ಞೂಂ ಸಾರ್... ಅಂಗಿ ಕೇಳ್ಲಾ?"

ಬೆಂಚುಗಳು ಒಮ್ಮೆಲೇ ಕಿರುಗುಟ್ಟಿದವು. ಭಾವನೂ ಎದ್ದು ನಿಂತಿದ್ದ.

"ನನ್ನ ಬೈಬೇಡಿ," ಡ್ರೈವರ್ ಎರಡೂ ಕೈ ಮುಂದೆ ಚಾಚಿದ. "ಚುನಾವಣೆ ಗೆದ್ದಾಗೆಲ್ಲ ಹಾಕ್ಕೊಂಡ ಬಿಳಿ ಅಂಗಿ ಅದು. ಇವತ್ತು ಅದೇ ಬೇಕಂತೆ. ಹೊಟ್ಟೆಪಾಡು, ಕಳಿಸಿದ್ರು ಬಂದೆ."

"ನೀನು ನಡಿ," ಎಂದಳು ತಂಗಿ. "ನಾನೇ ತಂದು ಕೊಡ್ತೀನಿ ಅಂತ ಹೇಳು."

ಆಸ್ಪತ್ರೆಯವರು ಅಕ್ಕನ ಜೊತೆಗೇ ಕಳಿಸಿದ್ದ ಗಂಟನ್ನು ತಂಗಿ ಅಡುಗೆಮನೆಯಲ್ಲಿ ಬಿಚ್ಚಿದಳು. ಅಂಗಿ ಮುದುಡಿ ಹಿಡಿಯಷ್ಟಾಗಿತ್ತು. ಹರವಿದಾಗ ಭುಜದಿಂದ ಅಂಚಿನ ತನಕ ಟಯರಿನ ಕರಿ ಗುರುತು ಅಡ್ಡ ಹಾದಿತ್ತು. ಪಕ್ಕದಲ್ಲಿ ಒಣಗಿದ ಇನ್ನೊಂದು ಕಲೆ. ಅವಳು ಹಳೇ ಇಸ್ತ್ರಿ ಪೆಟ್ಟಿಗೆಗೆ, ಅಕ್ಕನ ಸ್ನಾನಕ್ಕೆ ನೀರು ಕಾಸಿದ ಒಲೆಯ ಕೆಂಡ ತುಂಬಿ ಊದಿದಳು.

"ಅಯ್ಯೋ ತಾಯಿ, ಹೆಣ ಎತ್ತೋ ಹೊತ್ತಲ್ಲಿ ಇಸ್ತ್ರಿ ಮಾಡ್ತೀಯಾ?" ಅಜ್ಜಿ ಒಳಗೆ ಬಂದವಳು ಅಂಗಿ ಕಂಡು ದನಿ ತಗ್ಗಿಸಿದಳು. "ಕೊಡೋದೇ ಆದ್ರೆ ಒಗೆದಾದ್ರೂ ಕೊಡೇ."

"ಒಗೆಯೋದು ನಮ್ಮ ಕೆಲಸ ಅಲ್ಲ ಅಜ್ಜಿ. ಅಕ್ಕ ಒಪ್ಪಿಕೊಂಡಿದ್ದು ಇಸ್ತ್ರಿ ಮಾತ್ರ."

ಅವಳು ಕಾಲರಿನಿಂದ ಶುರುಮಾಡಿದಳು. ತೋಳು, ಪಟ್ಟಿ, ಬೆನ್ನು. ಗುಂಡಿಗಳ ಸಂದಿಯಲ್ಲಿ ಪೆಟ್ಟಿಗೆಯ ಮೂತಿ ಆಡಿಸಿದಳು. ಟಯರಿನ ಗುರುತಿನ ಮೇಲೂ ಅಷ್ಟೇ ಜೋಪಾನವಾಗಿ ಎಳೆದಳು. ಮಡಿಸಿ ಕಾಗದದಲ್ಲಿ ಸುತ್ತಿದ ಮೇಲೆ ಹೊರಗೆ ಬಂದು ಹೇಳಿದಳು:

"ವ್ಯಾನ್ ಬೇಡ ಭಾವ. ಹೆಗಲು ಕೊಡಿ. ನೆಟ್ಟಗೆ ದಾಟೋಣ."

"ತಡೆದ್ರೆ?"

"ತಡೀಲಿ."

ಭಾವ ವ್ಯಾನಿನವನಿಗೆ ಫೋನ್ ಮಾಡಿ ಬರಬೇಡ ಎಂದ. ಆಮೇಲೆ ಮಂಚದ ಮುಂದಿನ ಕಾಲಿಗೆ ತಾನೇ ಹೆಗಲು ಕೊಟ್ಟ.

*

ಹೆದ್ದಾರಿಯಂಚಿಗೆ ಬಂದವರು ನಿಂತುಬಿಟ್ಟರು. ಪೊಲೀಸರಿಗೆ ಹೆದರಿ ಅಲ್ಲ. ನಡುಗೋಡೆಯಲ್ಲಿ ಬಾಯಿ ಬಿದ್ದಿತ್ತು. ಸಾಹೇಬರ ಕಾರು ವೇದಿಕೆಯ ಕಡೆಗೆ ತಿರುಗಲೆಂದು ರಾತ್ರೋರಾತ್ರಿ ಕಾಂಕ್ರೀಟು ಕಿತ್ತು, ಡಾಂಬರು ಬಳಿದು, ಮೇಲೆ ಕೆಂಪು ಜಮಖಾನ ಹಾಸಿದ್ದರು. ಒಂದಾಳು ತೂರುವಷ್ಟಲ್ಲ, ಎರಡು ಕಾರು ಜೊತೆಗೆ ಹೋಗುವಷ್ಟು.

"ಒಂದೇ ರಾತ್ರೀಲಿ," ಎಂದ ಭಾವ.

ಇನ್ಸ್‌ಪೆಕ್ಟರ್ ಓಡಿ ಬಂದ. "ಇಲ್ಲಿಂದ ಆಗಲ್ಲ ಸ್ವಾಮಿ. ಕಾರ್ಯಕ್ರಮ ಮುಗೀಲಿ. ಇಲ್ಲಾಂದ್ರೆ ಸುತ್ತಿ ಹೋಗಿ."

ಹೆಸರಿನ ಹಲಗೆಗೆ ಮುಚ್ಚಿದ್ದ ಬಟ್ಟೆಯ ದಾರ ಹಿಡಿದು ನಿಂತಿದ್ದ ಸಾಹೇಬರು ಇತ್ತ ನೋಡಿದರು. ಫೋಟೋದವರೂ ನೋಡಿದರು. ಸಾಹೇಬರು ದಾರ ಬಿಟ್ಟು ಇಳಿದು ಬಂದರು. ಬೇರೆ ಯಾವುದೋ ಅಂಗಿ ತೊಟ್ಟಿದ್ದರು, ತೋಳಿನ ಗೆರೆ ಸೊಟ್ಟಗಿತ್ತು. ಮಂಚದ ಮುಂದೆ ಕೈಮುಗಿದರು.

"ಪಾಪ, ಯಾರಮ್ಮ ಇವರು?"

ಅಷ್ಟು ವರ್ಷ ಸಾಹೇಬರ ಬಾಗಿಲಿಗೆ ಬಂದು ಬೇಡಿದ ಮುಖ ಅದು, ಬೆಳಗ್ಗೆಯಷ್ಟೇ ಅವರು ಫೋನಿನಲ್ಲಿ ಕೇಳಿದ ಸಾವು. ಯಾರೆಂದು ಹೇಳಿದರೆ ಅಕ್ಕನ ಮಾನ ಹೋದೀತು ಅನ್ನಿಸಿತು ತಂಗಿಗೆ.

"ಇಲ್ಲಿ ದಾಟಬೇಕು ಸಾಹೇಬ್ರೇ," ಎಂದಳು.

ಸಾಹೇಬರ ಗಲ್ಲ ಮೇಲೆದ್ದಿತು. ಕಣ್ಣು ಅರೆಮುಚ್ಚಿದವು. ಅದೇ ಕರುಣೆ.

"ಆಗಲಿ."

"ಕೇಳಿಸ್ತಲ್ಲ?" ತಂಗಿ ಹೊತ್ತವರತ್ತ ತಿರುಗಿ ಕೂಗಿದಳು. ಬೆಳಗ್ಗಿನಿಂದ ಹಲ್ಲು ಕಚ್ಚಿ ಹಿಡಿದಿದ್ದ ದನಿ ಈಗ ಹೊರಗೆ ಬಂತು. "ಆಗಲಿ ಅಂದ್ರು! ನಡೀರಿ!"

ಇನ್ಸ್‌ಪೆಕ್ಟರ್ ಸಾಹೇಬರ ಮುಖ ನೋಡಿದ. ಸಾಹೇಬರು ಕ್ಯಾಮೆರಾಗಳನ್ನು ನೋಡಿದರು. ಯಾರೂ ತಡೆಯಲಿಲ್ಲ. ಮಂಚ ಜಮಖಾನದ ಮೇಲೆ ಹಾದು, ಬಾಯಿ ತೂರಿ, ಆಚೆ ಇಳಿಯಿತು. ಅಜ್ಜಿ ಹಿಂದೆ ಹಿಂದೆ ದೇವರ ನಾಮ ಹೇಳುತ್ತ ನಡೆದಳು. ಎರಡೂ ಬದಿಯ ಲಾರಿಗಳು ಮೂತಿ ತಗ್ಗಿಸಿ ನಿಂತಿದ್ದವು.

ತಂಗಿ ಒಬ್ಬಳೇ ಹಿಂದೆ ಉಳಿದಳು. ಕಾಗದ ಬಿಚ್ಚಿ, ಮಡಿಕೆ ಕೆಡದ ಹಾಗೆ, ಅಂಗಿಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು.

"ನಿಮ್ದು," ಎಂದಳು ಮೆಲ್ಲಗೆ. "ಇಸ್ತ್ರಿ ಆಗಿದೆ."

ಯಾರು ಏನು ಕೊಟ್ಟರೂ ಎರಡು ಕೈಯಲ್ಲಿ ತೆಗೆದುಕೊಂಡು ಫೋಟೋಕ್ಕೆ ಎತ್ತಿ ಹಿಡಿಯುವುದು ಸಾಹೇಬರ ರೂಢಿ. ಹಾಗೇ ಹಿಡಿದರು. ಅಂಗಿ ಅವರ ಎದೆಯುದ್ದಕ್ಕೂ ಬಿಚ್ಚಿಕೊಂಡಿತು. ಕಲೆಯ ಪಕ್ಕದಲ್ಲಿ ಟಯರಿನ ಒಂದೊಂದು ಹಲ್ಲೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಎಲ್ಲೂ ಒಂದು ಸುಕ್ಕಿರಲಿಲ್ಲ.